ನಿಂಬೆರಸದಲ್ಲಿ ನೆನೆಸಿದರೆ ಬೀಜ ಬೇಗ ಮೊಳೆಯುತ್ತದೆಯೇ? ಸಾವಯವ ಆಮ್ಲಗಳ ಬಗ್ಗೆ ತಿಳಿಯಬೇಕಾದದ್ದು

ಡಿಸೆಂಬರ್ ಬಂತೆಂದರೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಹಣ್ಣಿನ ಕೊಯ್ಲು. ಇನ್ನೊಂದು, ಹೊಸ ಗಿಡಗಳಿಗಾಗಿ ಬೀಜ ಆರಿಸಿ ಮಡಿ ಮಾಡುವುದು. ಅದೇ ಹೊತ್ತಿಗೆ ಫೋನಿಗೂ ಸಲಹೆಗಳು ಬರತೊಡಗುತ್ತವೆ. "ಬಿತ್ತುವ ಮುಂಚೆ ಬೀಜವನ್ನು ನಿಂಬೆರಸದಲ್ಲಿ ನೆನೆಸಿ", "ಒಂದು ಮುಚ್ಚಳ ವಿನೆಗರ್ ಸಾಕು, ಎಲ್ಲ ಬೀಜವೂ ಮೊಳೆಯುತ್ತದೆ", "ಇದು ಸಾವಯವ ಆಮ್ಲ, ಆದ್ದರಿಂದ ಅಡ್ಡ ಪರಿಣಾಮವೇ ಇಲ್ಲ", "ಹ್ಯೂಮಿಕ್ ಆ್ಯಸಿಡ್ ಹಾಕಿದರೆ ಗೊಬ್ಬರವೇ ಬೇಡ" ಹೀಗೆ.

ಇಂಥ ಸಂದೇಶಗಳು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕುವುದು ಸುಲಭವಿತ್ತು. ಆದರೆ ಇವುಗಳಲ್ಲಿ ಒಂದಿಷ್ಟು ನಿಜವೂ ಬೆರೆತಿದೆ. ಸಾವಯವ ಆಮ್ಲಗಳಿಲ್ಲದೆ ಯಾವ ಬೀಜವೂ ಮೊಳೆಯುವುದಿಲ್ಲ, ಯಾವ ಗಿಡವೂ ಮಣ್ಣಿನಿಂದ ಸರಿಯಾಗಿ ಆಹಾರ ಹೀರುವುದಿಲ್ಲ. ಆದರೆ ಆ ಆಮ್ಲವನ್ನು ಬೀಜ ಮತ್ತು ಬೇರು ತಾವೇ, ತಮಗೆ ಬೇಕಾದ ಜಾಗದಲ್ಲಿ, ಬೇಕಾದಷ್ಟೇ ತಯಾರಿಸಿಕೊಳ್ಳುತ್ತವೆ. ನಾವು ಹೊರಗಿನಿಂದ ಸುರಿಯುವುದು ಬೇರೆಯೇ ಸಂಗತಿ.

ಕಾಫಿ ಬೀಜದ ವಿಷಯದಲ್ಲಿ ಈ ತಪ್ಪು ದುಬಾರಿ. ಬೀಜದ ಹಣ್ಣು ಸಿಗುವುದು ವರ್ಷಕ್ಕೊಮ್ಮೆ. ತೆಗೆದ ಬೀಜ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ಪ್ರಯೋಗ ಕೆಟ್ಟರೆ ಆ ವರ್ಷದ ನರ್ಸರಿಯೇ ಹೋಯಿತು.

'ಸಾವಯವ' ಎಂಬ ಪದದ ಗೊಂದಲ

ಮೊದಲು ಈ ಪದವನ್ನು ಬಿಡಿಸಿಕೊಳ್ಳೋಣ. 'ಸಾವಯವ ಕೃಷಿ' ಎಂದಾಗ ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸದ ಕೃಷಿ ಎಂದು ಅರ್ಥ ಮಾಡಿಕೊಳ್ಳುತ್ತೇವೆ. 'ಸಾವಯವ ಆಮ್ಲ' ಎಂಬಲ್ಲಿ ಅರ್ಥವೇ ಬೇರೆ. ಇಂಗಾಲದ ಪರಮಾಣುಗಳ ಸರಪಳಿ ಇರುವ ಆಮ್ಲ ಎಂದಷ್ಟೇ ಅದರ ಅರ್ಥ. ಅದು ಸುರಕ್ಷಿತ ಎಂದಾಗಲಿ, ನೈಸರ್ಗಿಕ ಎಂದಾಗಲಿ ಈ ಪದ ಹೇಳುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಅಸಿಟಿಕ್ ಆಮ್ಲವೂ ಸಾವಯವ ಆಮ್ಲವೇ. ಸಾಂದ್ರವಾಗಿದ್ದರೆ ಅದು ಚರ್ಮ ಸುಡುತ್ತದೆ.

ನಮ್ಮ ಅಡುಗೆಮನೆಯ ಹುಳಿಗಳೆಲ್ಲ ಬಹುತೇಕ ಸಾವಯವ ಆಮ್ಲಗಳೇ:

- ನಿಂಬೆ, ಹೇರಳೆಯಲ್ಲಿ ಸಿಟ್ರಿಕ್ ಆಮ್ಲ
- ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ
- ಮೊಸರು, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ
- ವಿನೆಗರ್‌ನಲ್ಲಿ ಅಸಿಟಿಕ್ ಆಮ್ಲ
- ಸೇಬಿನಲ್ಲಿ ಮ್ಯಾಲಿಕ್ ಆಮ್ಲ
- ಕೆಸು, ಪಾಲಕ್ ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ಕೆಸುವಿನ ತುರಿಕೆಗೆ ಅದರ ಸೂಜಿಯಂಥ ಹರಳುಗಳು ಕಾರಣ
- ಮಲೆನಾಡಿನ ಉಪ್ಪಾಗೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಉಪ್ಪಾಗೆಯ ಮುಖ್ಯ ಹುಳಿ ಇದೇ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್

ಇವೆಲ್ಲ ಗಿಡಗಳ, ಸೂಕ್ಷ್ಮಜೀವಿಗಳ ದಿನನಿತ್ಯದ ಜೀವನದಲ್ಲಿ ಹುಟ್ಟುವ ವಸ್ತುಗಳು. ಈಗ ಬೀಜದೊಳಗೆ ಏನಾಗುತ್ತದೆ ನೋಡೋಣ.

ಬೀಜದೊಳಗೆ ಆಮ್ಲದ ಕೆಲಸವೇನು?

ಒಣ ಬೀಜ ಸತ್ತಿಲ್ಲ, ಮಲಗಿದೆ. ನೀರು ಒಳಗೆ ಹೋದ ಕೂಡಲೇ ಅದರ ಉಸಿರಾಟ ಜೋರಾಗುತ್ತದೆ. ಕೂಡಿಟ್ಟ ಪಿಷ್ಟ, ಎಣ್ಣೆ, ಪ್ರೋಟೀನುಗಳು ಒಡೆದು ಶಕ್ತಿ ಬಿಡುಗಡೆಯಾಗುತ್ತದೆ. ಈ ಶಕ್ತಿ ತಯಾರಿಕೆಯ ಮುಖ್ಯ ಚಕ್ರದ ಹೆಸರೇ 'ಸಿಟ್ರಿಕ್ ಆಮ್ಲ ಚಕ್ರ'. 1937ರಲ್ಲಿ ಹಾನ್ಸ್ ಕ್ರೆಬ್ಸ್ ಇದನ್ನು ವಿವರಿಸಿದರು, 1953ರಲ್ಲಿ ಅವರಿಗೆ ನೊಬೆಲ್ ಬಂತು. ಸಿಟ್ರಿಕ್, ಸಕ್ಸಿನಿಕ್, ಮ್ಯಾಲಿಕ್ ಆಮ್ಲಗಳು ಒಂದರಿಂದ ಇನ್ನೊಂದಾಗಿ ಬದಲಾಗುತ್ತ ಸುತ್ತುವ ಚಕ್ರ ಇದು. ನಮ್ಮ ದೇಹದ ಜೀವಕೋಶಗಳಲ್ಲೂ ಈ ಕ್ಷಣ ಇದೇ ನಡೆಯುತ್ತಿದೆ.

ಎಣ್ಣೆ ಹೆಚ್ಚಿರುವ ಬೀಜಗಳಲ್ಲಿ ಇನ್ನೊಂದು ಉಪಚಕ್ರವಿದೆ. ಎಣ್ಣೆಯನ್ನು ಸಕ್ಕರೆಯಾಗಿ ಬದಲಿಸಿ ಮೊಳಕೆಗೆ ಕಳಿಸುವ ಈ ದಾರಿಯನ್ನು 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ತೋರಿಸಿಕೊಟ್ಟರು. ಅಲ್ಲೂ ಮಧ್ಯವರ್ತಿಗಳು ಸಾವಯವ ಆಮ್ಲಗಳೇ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಈ ಆಮ್ಲಗಳನ್ನು ಬೀಜ ತನ್ನ ಕೋಶಗಳೊಳಗೆ ತಾನೇ ತಯಾರಿಸುತ್ತದೆ, ತಾನೇ ಖರ್ಚು ಮಾಡುತ್ತದೆ. ಹೊರಗೆ ನಿಂಬೆರಸ ಇಟ್ಟರೆ ಈ ಚಕ್ರ ಜೋರಾಗಿ ತಿರುಗುವುದಿಲ್ಲ. ಅಡುಗೆಮನೆಯಲ್ಲಿ ಅನ್ನ ಬೇಯುತ್ತಿದೆ ಎಂದು ಮನೆಯ ಹೊರಗೋಡೆಗೆ ಅಕ್ಕಿ ಎರಚಿದಂತೆ ಅಷ್ಟೇ.

ಎಬ್ಬಿಸುವ ಆಮ್ಲ, ಮಲಗಿಸುವ ಆಮ್ಲ

ಗಿಡಗಳ ಹಾರ್ಮೋನುಗಳಲ್ಲೂ ಹಲವು ಆಮ್ಲಗಳೇ. ಮೊಳಕೆಯ ವಿಷಯದಲ್ಲಿ ಎರಡು ಮುಖ್ಯ. ಅಬ್ಸಿಸಿಕ್ ಆಮ್ಲ ಬೀಜವನ್ನು ಮಲಗಿಸಿಡುತ್ತದೆ. ಜಿಬ್ಬರೆಲಿಕ್ ಆಮ್ಲ ಎಬ್ಬಿಸುತ್ತದೆ. ಇವೆರಡರ ಜಗ್ಗಾಟದಲ್ಲಿ ಯಾವುದು ಗೆಲ್ಲುತ್ತದೋ ಅದರಂತೆ ಬೀಜ ಮೊಳೆಯುತ್ತದೆ ಅಥವಾ ಕಾಯುತ್ತದೆ.

ಜಿಬ್ಬರೆಲಿನ್ ಪತ್ತೆಯಾದದ್ದು ಒಂದು ರೋಗದಿಂದ. ಭತ್ತದ ಸಸಿಗಳು ವಿಪರೀತ ಉದ್ದ ಬೆಳೆದು, ತೆಳ್ಳಗಾಗಿ ಬಿದ್ದುಹೋಗುವ ರೋಗವನ್ನು ಜಪಾನಿನ ರೈತರು 'ಪೆದ್ದು ಸಸಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಶಿಲೀಂಧ್ರವೊಂದು ಬಿಡುವ ವಸ್ತುವೇ ಇದಕ್ಕೆ ಕಾರಣ ಎಂದು 1926ರಲ್ಲಿ ಕುರೊಸಾವ ತೋರಿಸಿದರು. 1930ರ ದಶಕದಲ್ಲಿ ಯಬುಟ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅಂದರೆ 'ಬೆಳವಣಿಗೆ ಹೆಚ್ಚಿಸುವ' ಈ ಆಮ್ಲ ಮೊದಲು ಜಗತ್ತಿಗೆ ಗೊತ್ತಾದದ್ದೇ ಅತಿಯಾದರೆ ಸಸಿ ಬೀಳುತ್ತದೆ ಎಂಬ ಕಾರಣಕ್ಕೆ.

ಇಂದು ಜಿಬ್ಬರೆಲಿಕ್ ಆಮ್ಲ ಅಂಗಡಿಯಲ್ಲಿ ಸಿಗುತ್ತದೆ. ಬಾರ್ಲಿಯಂಥ ಧಾನ್ಯಗಳಲ್ಲಿ ಇದು ಮೊಳಕೆಗೆ ನೆರವಾಗುತ್ತದೆ ಎನ್ನುವುದು ಸಾಬೀತಾಗಿದೆ. ಹಾಗಾದರೆ ಕಾಫಿಗೂ ಹಾಕಬಹುದಲ್ಲವೇ? ಇಲ್ಲೇ ಅಚ್ಚರಿ ಇರುವುದು.

ಕಾಫಿ ಬೀಜ ಬೇರೆಯೇ ಜಾತಿ

ಕಾಫಿ ಬೀಜದ ಬಹುಭಾಗ ಗಟ್ಟಿಯಾದ ಆಹಾರದ ಗಂಟು. ಭ್ರೂಣ ಅದರ ಒಂದು ತುದಿಯಲ್ಲಿ, ಕೆಲವೇ ಮಿಲಿಮೀಟರ್ ಉದ್ದಕ್ಕೆ ಹುದುಗಿರುತ್ತದೆ. ಬೇರು ಹೊರಬರಬೇಕಾದರೆ ಎರಡು ಕೆಲಸ ಆಗಬೇಕು. ಭ್ರೂಣ ಬೆಳೆದು ಒತ್ತಬೇಕು, ಅದರ ಮುಂದಿರುವ ಗಟ್ಟಿ ಭಾಗ ಮೆತ್ತಗಾಗಬೇಕು. ಈ ಎರಡನ್ನೂ ಅಬ್ಸಿಸಿಕ್ ಆಮ್ಲ ತಡೆಯುತ್ತದೆ ಎಂದು ಬ್ರೆಜಿಲ್ ಮತ್ತು ನೆದರ್‌ಲೆಂಡ್ಸ್ ವಿಜ್ಞಾನಿಗಳು 2004ರಲ್ಲಿ ತೋರಿಸಿದರು.

ಮರುವರ್ಷ ಅದೇ ತಂಡ ಇನ್ನೊಂದು ಫಲಿತಾಂಶ ಪ್ರಕಟಿಸಿತು. ಅರೇಬಿಕಾ ಕಾಫಿ ಬೀಜಕ್ಕೆ ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟಾಗ ಮೊಳಕೆ ಹೆಚ್ಚಲಿಲ್ಲ, ಕುಗ್ಗಿತು. ಭ್ರೂಣದ ಕೋಶಗಳೇ ಸತ್ತವು. ಬೀಜಕ್ಕೆ ತನ್ನದೇ ಜಿಬ್ಬರೆಲಿನ್ ಬೇಕು, ನಿಜ. ಆದರೆ ಹೊರಗಿನಿಂದ ಬಂದದ್ದು ಹೆಚ್ಚಾದಾಗ ಸುತ್ತಲಿನ ಗಟ್ಟಿ ಭಾಗದಿಂದ ಹೊರಬೀಳುವ ವಸ್ತುಗಳು ಭ್ರೂಣಕ್ಕೆ ಹಾನಿ ಮಾಡುತ್ತವೆ ಎಂಬುದು ಅವರ ವಿವರಣೆ.

ಆದ್ದರಿಂದ "ಎಲ್ಲ ಬೀಜಕ್ಕೂ ಜಿಬ್ಬರೆಲಿಕ್ ಆ್ಯಸಿಡ್" ಎಂಬ ಸಲಹೆಯನ್ನು ಕಾಫಿಗೆ ಅನ್ವಯಿಸಬೇಡಿ. ಭತ್ತಕ್ಕೋ ಬಾರ್ಲಿಗೋ ಒಪ್ಪುವುದು ಕಾಫಿಗೆ ಒಪ್ಪಬೇಕೆಂದಿಲ್ಲ.

ಇನ್ನೊಂದು ವಿಶೇಷವಿದೆ. ಭತ್ತ, ರಾಗಿಯ ಬೀಜವನ್ನು ಚೆನ್ನಾಗಿ ಒಣಗಿಸಿ ವರ್ಷಗಟ್ಟಲೆ ಇಡಬಹುದು. ಹಲಸು, ಮಾವಿನ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಕಾಫಿ ಇವೆರಡರ ನಡುವೆ ಎಂದು 1990ರಲ್ಲಿ ಎಲ್ಲಿಸ್, ಹಾಂಗ್ ಮತ್ತು ರಾಬರ್ಟ್ಸ್ ಗುರುತಿಸಿದರು. ಸ್ವಲ್ಪ ಒಣಗುವುದನ್ನು ಸಹಿಸುತ್ತದೆ, ಆದರೆ ಹೆಚ್ಚು ಕಾಲ ಬಾಳುವುದಿಲ್ಲ. 'ಮೊಳಕೆ ಬರಲಿಲ್ಲ' ಎಂಬ ಹೆಚ್ಚಿನ ದೂರುಗಳ ಹಿಂದೆ ಇರುವುದು ಆಮ್ಲದ ಕೊರತೆಯಲ್ಲ. ಬೀಜ ಹಳೆಯದಾಗಿರುತ್ತದೆ ಅಥವಾ ಬಿಸಿಲಿಗೆ ಒಣಗಿರುತ್ತದೆ.

ನಮ್ಮ ತೋಟಗಳ ಪದ್ಧತಿ: ಹುಳಿ ಅಲ್ಲ, ಬೂದಿ

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆಗಿನ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರ ಸ್ಥಾಪಿಸಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಕಾಫಿ ಮಂಡಳಿ ಬೆಳೆಗಾರರಿಗೆ ಹೇಳುವ ಬೀಜ ತಯಾರಿಯ ಕ್ರಮ ಹೀಗಿದೆ:

1. ಆರೋಗ್ಯವಂತ ಗಿಡಗಳಿಂದ ಪೂರ್ತಿ ಹಣ್ಣಾದವನ್ನೇ ಕೊಯ್ದು, ನೀರಿನಲ್ಲಿ ತೇಲುವ ಜೊಳ್ಳು ಹಣ್ಣು ತೆಗೆಯುವುದು.
2. ಕೈಯಲ್ಲಿ ಹಿಸುಕಿ ಬೀಜ ಬಿಡಿಸುವುದು.
3. ಜರಡಿ ಹಿಡಿದ ಸೌದೆ ಬೂದಿ ಬೆರೆಸಿ, ನೆರಳಿನಲ್ಲಿ ತೆಳುವಾಗಿ ಹರಡಿ, ದಿನವೂ ಕೈಯಾಡಿಸಿ ಒಣಗಿಸುವುದು.
4. ಒಡೆದ, ಆಕಾರಗೆಟ್ಟ ಬೀಜಗಳನ್ನು ಆರಿಸಿ ತೆಗೆಯುವುದು.
5. ಡಿಸೆಂಬರ್–ಜನವರಿಯಲ್ಲಿ ಚಪ್ಪಟೆ ಮುಖ ಕೆಳಗೆ ಬರುವಂತೆ ಮಡಿಯಲ್ಲಿಟ್ಟು, ತೆಳುವಾಗಿ ಮಣ್ಣು ಮುಚ್ಚಿ, ಮೇಲೆ ಭತ್ತದ ಹುಲ್ಲು ಹೊದಿಸುವುದು.

ಸುಮಾರು 45 ದಿನಕ್ಕೆ ಮೊಳಕೆ ಮೇಲೇಳುತ್ತದೆ. 'ಬಟನ್' ಅಥವಾ 'ಟೋಪಿ' ಹಂತದಲ್ಲಿ ಸಸಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ವರ್ಗಾಯಿಸುತ್ತಾರೆ.

ಇಲ್ಲಿ ಬೂದಿಯ ಪಾತ್ರ ನೋಡಿ. ಬೂದಿ ಆಮ್ಲವಲ್ಲ, ಅದಕ್ಕೆ ವಿರುದ್ಧವಾದ ಕ್ಷಾರ. ಬೀಜದ ಮೇಲಿನ ಲೋಳೆಯ ತೇವ ಹೀರಿ, ಬೀಜಗಳು ಅಂಟಿಕೊಳ್ಳದಂತೆ ಸಮನಾಗಿ ಆರಲು ಅದು ನೆರವಾಗುತ್ತದೆ. ಬೂದಿಯಿಲ್ಲದೆ ರಾಶಿ ಹಾಕಿದರೆ ಲೋಳೆ ಹುಳಿಯುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್ ಸೇರಿ ಲೋಳೆಯ ಸಕ್ಕರೆಯನ್ನು ಲ್ಯಾಕ್ಟಿಕ್, ಅಸಿಟಿಕ್ ಆಮ್ಲಗಳಾಗಿಸುತ್ತವೆ, ರಾಶಿ ಬಿಸಿಯಾಗುತ್ತದೆ. ಪಲ್ಪರ್ ಮನೆಯಲ್ಲಿ ಕುಡಿಯುವ ಕಾಫಿಗೆ ಈ ಹುಳಿಸುವಿಕೆ ಬೇಕು, ಅದೂ ಲೆಕ್ಕದ ಗಂಟೆಗಳಷ್ಟೇ. ಮಿತಿಮೀರಿದರೆ ಅಲ್ಲೂ ಬೀಜ ನಾರುತ್ತದೆ. ಬಿತ್ತುವ ಬೀಜಕ್ಕೆ ಅತಿಯಾದ ಹುಳಿ ಎಂದರೆ ಭ್ರೂಣಕ್ಕೇ ಅಪಾಯ.

ಹೀಗಾಗಿ ನಿಂಬೆರಸದ ಫಾರ್ವರ್ಡ್ ಹೇಳುವುದು ನಮ್ಮ ಬೆಟ್ಟಗಳ ನಡೆದುಬಂದ ಪದ್ಧತಿಗೆ ನೇರ ತದ್ವಿರುದ್ಧ.

ಹಾಗಾದರೆ ಏಲಕ್ಕಿಗೆ ಆಮ್ಲ ಹಾಕುತ್ತಾರಲ್ಲ?

ಹೌದು, ಹಾಕುತ್ತಾರೆ. ಈ ಪ್ರಶ್ನೆ ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ.

ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರ ಏಲಕ್ಕಿ ಕೆಲಸಕ್ಕೆ ಹೆಸರಾದದ್ದು. 'ಮೂಡಿಗೆರೆ–1' ಎಂಬ ಏಲಕ್ಕಿ ತಳಿ ಅಲ್ಲಿಂದಲೇ ಬಂದದ್ದು. ಏಲಕ್ಕಿ ಬೀಜದ ಸಿಪ್ಪೆ ಗಟ್ಟಿ, ನೀರು ಸುಲಭಕ್ಕೆ ಒಳಹೋಗುವುದಿಲ್ಲ. ಆದ್ದರಿಂದ ನರ್ಸರಿಗಳಲ್ಲಿ ನೀರು ಬೆರೆಸಿದ ನೈಟ್ರಿಕ್ ಆಮ್ಲದಂಥ ದ್ರಾವಣದಲ್ಲಿ ಬೀಜವನ್ನು ಕೆಲವೇ ನಿಮಿಷ ಅದ್ದಿ, ತಕ್ಷಣ ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಬಿತ್ತುವ ಶಿಫಾರಸು ಇದೆ. ಸುಬಾಬುಲ್, ಅಕೇಶಿಯಾದಂಥ ಗಟ್ಟಿ ಸಿಪ್ಪೆಯ ಮರದ ಬೀಜಗಳಿಗೂ ಇಂಥ ಉಪಚಾರಗಳಿವೆ.

ಇಲ್ಲಿ ಆಮ್ಲ ಬೀಜಕ್ಕೆ ಆಹಾರವಾಗುತ್ತಿಲ್ಲ, ಔಷಧವೂ ಆಗುತ್ತಿಲ್ಲ. ಅದು ಸಿಪ್ಪೆಯನ್ನು ಸವೆಸುವ ಉಪ್ಪುಕಾಗದದ ಕೆಲಸ ಮಾಡುತ್ತದೆ. ಸಮಯ ಮೀರಿದರೆ ಸಿಪ್ಪೆಯ ಜೊತೆ ಭ್ರೂಣವೂ ಸುಟ್ಟುಹೋಗುತ್ತದೆ. ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳು ಸಾವಯವ ಆಮ್ಲಗಳೂ ಅಲ್ಲ. ಇವು ಕಣ್ಣು, ಚರ್ಮಕ್ಕೆ ಅತ್ಯಂತ ಅಪಾಯಕಾರಿ. ತರಬೇತಿ ಇಲ್ಲದೆ ಮನೆಯಲ್ಲಿ ಮಾಡಬಾರದು.

ಒಂದೇ ಬೆಟ್ಟ, ಒಂದೇ ತೋಟ, ಎರಡು ಬೀಜ. ಏಲಕ್ಕಿಗೆ ಗಟ್ಟಿ ಸಿಪ್ಪೆಯ ಸಮಸ್ಯೆ ಇದೆ. ಕಾಫಿಗೆ ಆ ಸಮಸ್ಯೆ ಇಲ್ಲ. ಅದರ ಹೊರಗಿನ ಪಾರ್ಚ್‌ಮೆಂಟ್ ಪದರ ಮೊಳಕೆಯನ್ನು ತುಸು ನಿಧಾನಿಸುತ್ತದೆ, ತಡೆಯುವುದಿಲ್ಲ. ಏಲಕ್ಕಿಯ ಉಪಚಾರ ಯಾರೋ ಕೇಳಿ, ಇನ್ಯಾರೋ ಕಾಫಿಗೆ ಹೇಳಿ, ಮತ್ಯಾರೋ ನೈಟ್ರಿಕ್ ಬದಲು ನಿಂಬೆ ಎಂದು ಬರೆದರೆ ಸಲಹೆಯಲ್ಲಿ ಹೆಸರೊಂದೇ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ.

ನಿಂಬೆರಸ, ವಿನೆಗರ್ ಬೀಜಕ್ಕೆ ಏನು ಮಾಡುತ್ತವೆ?

ಆಮ್ಲೀಯತೆಯನ್ನು ಅಳೆಯುವ ಮಾಪನ ಪಿಎಚ್. 7 ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲೀಯತೆ 10 ಪಟ್ಟು ಏರುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5ರಷ್ಟು. ಅಂದರೆ ಪಿಎಚ್ 5 ಇರುವ ಹುಳಿ ಮಣ್ಣಿಗಿಂತಲೂ ಇದು ನೂರಾರು ಪಟ್ಟು ಹೆಚ್ಚು ಆಮ್ಲೀಯ.

ಇಷ್ಟು ಹುಳಿಯಲ್ಲಿ ಸಿಟ್ರಿಕ್, ಅಸಿಟಿಕ್‌ನಂಥ ಆಮ್ಲದ ಅಣುಗಳು ಹೆಚ್ಚಾಗಿ ಒಡೆಯದೆ ಇಡಿಯಾಗಿ ಇರುತ್ತವೆ. ಅದರಲ್ಲೂ ಅಸಿಟಿಕ್ ಆಮ್ಲದ ಅಣು ಚಿಕ್ಕದು, ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಒಳಹೊಕ್ಕ ಮೇಲೆ ಒಡೆದು ಕೋಶವನ್ನೇ ಹುಳಿ ಮಾಡುತ್ತದೆ. ವಿನೆಗರ್‌ನಲ್ಲಿಟ್ಟ ತರಕಾರಿ ಕೆಡದಿರುವುದಕ್ಕೆ ಇದೇ ಕಾರಣ, ಅಲ್ಲಿ ಸೂಕ್ಷ್ಮಜೀವಿ ಬದುಕಲಾರದು. ಸೂಕ್ಷ್ಮಜೀವಿಯನ್ನು ತಡೆಯುವ ವಸ್ತು ಮೊಳಕೆಯನ್ನು ಬಿಡುತ್ತದೆಯೇ? ವಿನೆಗರನ್ನು ಕೆಲವರು ಕಳೆನಾಶಕವಾಗಿ ಬಳಸುವುದೂ ಇದೇ ಗುಣಕ್ಕೆ.

ನಿಂಬೆಹಣ್ಣಿನೊಳಗಿನ ಬೀಜವನ್ನೇ ನೋಡಿ. ತಿಂಗಳುಗಟ್ಟಲೆ ನೀರಿನಂಶದ ನಡುವೆಯೇ ಇದ್ದರೂ ಸಾಮಾನ್ಯವಾಗಿ ಅದು ಹಣ್ಣಿನೊಳಗೆ ಮೊಳೆಯುವುದಿಲ್ಲ. ರಸದ ಹುಳಿ, ಸಕ್ಕರೆಯ ಸಾಂದ್ರತೆ, ಅಬ್ಸಿಸಿಕ್ ಆಮ್ಲ ಸೇರಿ ಅದನ್ನು ತಡೆದು ಹಿಡಿದಿರುತ್ತವೆ.

'ಸೀಡ್ ಪ್ರೈಮಿಂಗ್' ಹೆಸರಿನಲ್ಲಿ ಸ್ಯಾಲಿಸಿಲಿಕ್, ಆಸ್ಕಾರ್ಬಿಕ್ ಆಮ್ಲಗಳಲ್ಲಿ ಬೀಜ ನೆನೆಸುವ ಪ್ರಯೋಗಗಳು ನಡೆದಿವೆ, ಕೆಲವು ಬೆಳೆಗಳಲ್ಲಿ ಒಳ್ಳೆಯ ಫಲವೂ ಬಂದಿದೆ. ಆದರೆ ಅಲ್ಲಿ ಅಳತೆ ಲೀಟರ್ ನೀರಿಗೆ ಮಿಲಿಗ್ರಾಂಗಳಲ್ಲಿ. ನಿಂಬೆರಸದಲ್ಲಿ ಲೀಟರಿಗೆ 50 ಗ್ರಾಂ ಆಸುಪಾಸು ಸಿಟ್ರಿಕ್ ಆಮ್ಲವಿರುತ್ತದೆ. ಎರಡನ್ನೂ ಒಂದೇ ಎನ್ನಲಾಗದು.

*ನೀವೇ ಮಾಡಿ ನೋಡಿ:* ಮೂರು ಲೋಟ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ 20 ಹೆಸರುಕಾಳು ಹಾಕಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಅರ್ಧ ನೀರು ಅರ್ಧ ನಿಂಬೆರಸ, ಮತ್ತೊಂದಕ್ಕೆ ಬರೀ ನಿಂಬೆರಸ. ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು, ಆಯಾ ದ್ರವದಲ್ಲೇ ಒದ್ದೆ ಮಾಡಿದ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನದ ನಂತರ ಎಣಿಸಿ. ಬರೀ ನೀರಿನದು ಎಂದಿನಂತೆ ಮೊಳೆತಿರುತ್ತದೆ, ಬರೀ ನಿಂಬೆರಸದ್ದು ಮೊಳೆತಿರುವುದಿಲ್ಲ. ಮಕ್ಕಳಿಂದ ಮಾಡಿಸಿದರೆ ಇನ್ನೂ ಒಳ್ಳೆಯದು.

ಮಣ್ಣಿನಲ್ಲಿ: ಬೇರು ಬಿಡುವ ಹುಳಿ

ಸಾವಯವ ಆಮ್ಲಗಳ ಕೆಲಸ ಎದ್ದು ಕಾಣುವುದು ಬೀಜಕ್ಕಿಂತ ಮಣ್ಣಿನಲ್ಲಿ. ಅದನ್ನು ತಿಳಿಯಲು ನಮ್ಮ ಬೆಟ್ಟದ ಮಣ್ಣನ್ನು ತಿಳಿಯಬೇಕು.

ಕುದುರೆಮುಖ ಎಂದರೆ ಹಲವರಿಗೆ ನೆನಪಾಗುವುದು ಕಬ್ಬಿಣದ ಅದಿರು. 1976ರಲ್ಲಿ ಸ್ಥಾಪನೆಯಾದ ಕಂಪನಿ ಇಲ್ಲಿನ ಅದಿರನ್ನು ಕೊಳವೆ ಮೂಲಕ ಮಂಗಳೂರಿನ ಪಣಂಬೂರಿಗೆ ಸಾಗಿಸುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಗಣಿ ಇದ್ದದ್ದು ಒಂದು ಜಾಗದಲ್ಲಿ. ಆದರೆ ಕಬ್ಬಿಣದ ಆಕ್ಸೈಡ್ ಮಾತ್ರ ಈ ಸೀಮೆಯ ಕೆಂಪು, ಜಂಬಿಟ್ಟಿಗೆ ಮಣ್ಣುಗಳ ತುಂಬ ಇದೆ. ಮಣ್ಣಿನ ಕೆಂಪು ಬಣ್ಣವೇ ಅದರದ್ದು. ಜೊತೆಗೆ ಅಲ್ಯೂಮಿನಿಯಂ ಕೂಡ ಧಾರಾಳ.

ಇಲ್ಲಿ ಮಳೆಯೂ ಧಾರಾಳ. ಸಾವಿರಾರು ವರ್ಷಗಳ ಮಳೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗಿದೆ. ಸಾರಜನಕದ ಗೊಬ್ಬರಗಳಲ್ಲಿ ಹಲವು ಈ ಹುಳಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಇದರಿಂದ ಎರಡು ತೊಂದರೆ:

*ಒಂದು, ರಂಜಕ ಬೀಗದಲ್ಲಿ ಬೀಳುತ್ತದೆ.* ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಮಣ್ಣಿನಲ್ಲಿ ರಂಜಕ ಇದ್ದರೂ ಗಿಡಕ್ಕೆ ಸಿಗುವುದಿಲ್ಲ.

*ಎರಡು, ಅಲ್ಯೂಮಿನಿಯಂ ಕರಗುತ್ತದೆ.* ಪಿಎಚ್ 5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ನೀರಿನಲ್ಲಿ ಕರಗಿ ಬೇರಿನ ತುದಿಗೆ ವಿಷವಾಗುತ್ತದೆ. ಬೇರು ಮೊಂಡಾಗಿ, ದಪ್ಪಗಾಗಿ ನಿಂತುಬಿಡುತ್ತದೆ.

ಈ ಎರಡಕ್ಕೂ ಗಿಡಗಳ ಬಳಿ ಒಂದೇ ಉಪಾಯವಿದೆ. ಬೇರು ಸಿಟ್ರಿಕ್, ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳ ಅಂಶವನ್ನು ಹೊರಗೆ ಬಿಡುತ್ತದೆ. ಅವು ಏಡಿಯ ಕೊಂಡಿಯಂತೆ ಕಬ್ಬಿಣ, ಅಲ್ಯೂಮಿನಿಯಂಗಳನ್ನು ಹಿಡಿದುಕೊಳ್ಳುತ್ತವೆ. ಆಗ ರಂಜಕಕ್ಕೆ ಬಿಡುಗಡೆ, ಅಲ್ಯೂಮಿನಿಯಂನ ವಿಷವೂ ಇಳಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಹುಳಿಯ ತೀಕ್ಷ್ಣತೆಗಿಂತ ಹೆಚ್ಚಾಗಿ ಈ ಕೊಂಡಿ ಹಿಡಿಯುವ ಗುಣ. ಬಿಳಿ ಲ್ಯುಪಿನ್ ಎಂಬ ಗಿಡ ರಂಜಕ ಸಿಗದಿದ್ದಾಗ ಬಾಟಲಿ ಬ್ರಷ್‌ನಂಥ ಬೇರುಗೊಂಚಲು ಬೆಳೆಸಿ ಸಿಟ್ರೇಟ್ ಸುರಿಸುತ್ತದೆ. ಅಲ್ಯೂಮಿನಿಯಂ ತಾಳಿಕೊಳ್ಳುವ ಗೋಧಿ ತಳಿಗಳಲ್ಲಿ ಮ್ಯಾಲೇಟ್ ಹೊರಬಿಡುವ ಜೀನ್ ಇದೆ ಎಂದು 2004ರಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಪತ್ತೆ ಮಾಡಿದರು.

ಬೇರಿಗೆ ನೆರೆಹೊರೆಯೂ ಇದೆ. ಸ್ಯೂಡೊಮೋನಾಸ್, ಬ್ಯಾಸಿಲಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಗ್ಲುಕಾನಿಕ್‌ನಂಥ ಆಮ್ಲ ಬಿಟ್ಟು ರಂಜಕ ಕರಗಿಸುತ್ತವೆ. 'ರಂಜಕ ಕರಗಿಸುವ ಜೈವಿಕ ಗೊಬ್ಬರ' ಎಂದು ಮಾರುವುದು ಇವನ್ನೇ.

ಹಾಗಾದರೆ ನಾವೇ ಸಿಟ್ರಿಕ್ ಆಮ್ಲ ಸುರಿದರೆ?

ಪ್ರಯೋಜನವಿಲ್ಲ, ಮೂರು ಕಾರಣಕ್ಕೆ.

ಮೊದಲನೆಯದು, ಬೇರು ಈ ಆಮ್ಲವನ್ನು ತನ್ನ ತುದಿಯ ಸುತ್ತ ಕೆಲವೇ ಮಿಲಿಮೀಟರ್ ಜಾಗಕ್ಕೆ ಬಿಡುತ್ತದೆ. ನಾವು ಸುರಿದದ್ದು ಇಡೀ ಮಣ್ಣಿಗೆ ಹರಡಿ ತೆಳ್ಳಗಾಗುತ್ತದೆ. ಎರಡನೆಯದು, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಟ್ರಿಕ್ ಆಮ್ಲ ಒಳ್ಳೆಯ ಊಟ, ಗಂಟೆಗಳಿಂದ ಕೆಲವು ದಿನಗಳೊಳಗೆ ತಿಂದು ಮುಗಿಸುತ್ತವೆ. ಬೇರು ಮತ್ತೆ ಮತ್ತೆ ಬಿಡುತ್ತಿರುತ್ತದೆ, ನಮಗೆ ಅದು ಸಾಧ್ಯವಿಲ್ಲ. ಮೂರನೆಯದು, ಹುಳಿ ಮಣ್ಣಿಗೆ ಮತ್ತಷ್ಟು ಹುಳಿ ಹಾಕುವುದು ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಟ್ಟಂತೆ.

ಕಾಫಿಗೆ ಪಿಎಚ್ 6ರಿಂದ 6.5ರ ಆಸುಪಾಸು ಹಿತ. ಹುಳಿ ಹೆಚ್ಚಾದ ತೋಟಕ್ಕೆ ಬೇಕಾದದ್ದು ಕೃಷಿ ಸುಣ್ಣ ಅಥವಾ ಡೋಲೊಮೈಟ್. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಪಕ್ಕದ ತೋಟದವರ ಲೆಕ್ಕ ನಿಮ್ಮ ತೋಟಕ್ಕೆ ಹೊಂದದು. ಸುಣ್ಣವನ್ನು ಅಮೋನಿಯಂ ಗೊಬ್ಬರದ ಜೊತೆ ಬೆರೆಸಿ ಹಾಕಬೇಡಿ, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಬೇರಿಗೆ ಹುಳಿ ಬಿಡುವ ಶಕ್ತಿ ಬರಬೇಕಾದರೆ ಮರಗಳ ನೆರಳು, ಎಲೆಗೊಬ್ಬರ, ಚೆನ್ನಾಗಿ ಕಳಿತ ಕಾಂಪೋಸ್ಟ್ ಸಾಕು. ಕೊಳೆಯುವ ಎಲೆಯಲ್ಲೇ ಸಾವಯವ ಆಮ್ಲಗಳು ನಿಧಾನಕ್ಕೆ ಹುಟ್ಟುತ್ತಿರುತ್ತವೆ.

ಹ್ಯೂಮಿಕ್ ಆ್ಯಸಿಡ್ ಬಾಟಲಿ

ಹ್ಯೂಮಿಕ್ ಆಮ್ಲ ಎನ್ನುವುದು ಒಂದೇ ವಸ್ತುವಲ್ಲ. ಕೊಳೆತ ಸಸ್ಯವಸ್ತು, ಲಿಗ್ನೈಟ್ ಮುಂತಾದವುಗಳಿಂದ ತೆಗೆದ ಕಪ್ಪು ಮಿಶ್ರಣ. ಇದರ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದ 2014ರ ವಿಶ್ಲೇಷಣೆಯೊಂದರಲ್ಲಿ ಗಿಡದ ಕಾಂಡ ಮತ್ತು ಬೇರಿನ ಒಣತೂಕ ಸರಾಸರಿ ಶೇ 20ರ ಆಸುಪಾಸು ಹೆಚ್ಚಿದ್ದು ಕಂಡುಬಂತು. ಆದರೆ ಬೆಳೆ, ಮಣ್ಣು, ಉತ್ಪನ್ನಕ್ಕೆ ತಕ್ಕಂತೆ ಫಲಿತಾಂಶ ಬಹಳ ಬೇರೆಯಾಗಿತ್ತು. ಅದು ಗಿಡದ ತೂಕದ ಲೆಕ್ಕ. 'ಇಳುವರಿ ದುಪ್ಪಟ್ಟು' ಎಂದು ಅರ್ಥವಲ್ಲ. ಗೊಬ್ಬರಕ್ಕೆ ಬದಲಿಯಂತೂ ಅಲ್ಲ.

ತಮಾಷೆಯೆಂದರೆ, ದ್ರವರೂಪದ 'ಹ್ಯೂಮಿಕ್ ಆ್ಯಸಿಡ್' ಸಾಮಾನ್ಯವಾಗಿ ಹುಳಿಯೇ ಅಲ್ಲ. ಹ್ಯೂಮಿಕ್ ಆಮ್ಲ ಆಮ್ಲದಲ್ಲಿ ಕರಗುವುದಿಲ್ಲ, ಕ್ಷಾರದಲ್ಲಿ ಕರಗುತ್ತದೆ. ಆದ್ದರಿಂದ ಅದನ್ನು ಪೊಟ್ಯಾಸಿಯಂ ಲವಣವಾಗಿ ಮಾರುತ್ತಾರೆ. ಅದಕ್ಕೆ ನಿಂಬೆರಸ ಅಥವಾ ಹುಳಿ ಮಜ್ಜಿಗೆ ಬೆರೆಸಿದರೆ ಗಸಿಯಾಗಿ ತಳಕ್ಕೆ ಕೂರುತ್ತದೆ, ಸ್ಪ್ರೇಯರ್ ಕಟ್ಟಿಕೊಳ್ಳುತ್ತದೆ.

2021ರ ಫೆಬ್ರವರಿಯಿಂದ ಹ್ಯೂಮಿಕ್, ಫಲ್ವಿಕ್ ಆಮ್ಲ ಸೇರಿದಂತೆ ಜೈವಿಕ ಉತ್ತೇಜಕಗಳನ್ನು ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದಿದೆ. ಕೊಳ್ಳುವಾಗ ಬಿಲ್ ಕೇಳಿ, ಲೇಬಲ್‌ನಲ್ಲಿ ಅಂಶದ ಪ್ರಮಾಣ ಮತ್ತು ನೋಂದಣಿ ವಿವರ ನೋಡಿ.

ಪಲ್ಪರ್ ನೀರು, ಕಾಫಿ ಚರಟ

"ಪಲ್ಪರ್ ನೀರಿನಲ್ಲಿ ಸಾವಯವ ಆಮ್ಲ ಇದೆ, ಗಿಡಕ್ಕೆ ಬಿಡಿ" ಎಂಬ ಸಲಹೆ ಅಪಾಯಕಾರಿ. ಅದರಲ್ಲಿ ಆಮ್ಲ ಇರುವುದು ನಿಜ, ಅದೇ ಸಮಸ್ಯೆ. ಹುಳಿದ ಆ ನೀರು ಹಳ್ಳಕ್ಕೆ ಸೇರಿದರೆ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಭದ್ರಾ, ತುಂಗಾ, ಹೇಮಾವತಿ ಹುಟ್ಟುವ ಸೀಮೆ ಇದು. ನಮ್ಮ ಹಳ್ಳದ ನೀರೇ ಕೆಳಗಿನ ಊರುಗಳ ಕುಡಿಯುವ ನೀರು. ಸುಣ್ಣ ಹಾಕಿ ಹುಳಿ ತಗ್ಗಿಸಿ, ಹೊಂಡಗಳಲ್ಲಿ ನಿಲ್ಲಿಸಿ ಸಂಸ್ಕರಿಸಿದ ಮೇಲಷ್ಟೇ ಮುಂದಿನ ಮಾತು.

ಹಣ್ಣಿನ ಸಿಪ್ಪೆಯನ್ನೂ ಹಸಿಯಾಗಿ ಸಸಿಮಡಿಗೆ ಹಾಕಬೇಡಿ. ಗಾಳಿಯಾಡದ, ನೀರು ನಿಂತ ಜಾಗದಲ್ಲಿ ಹಸಿ ಸಿಪ್ಪೆ, ಹಸಿ ಹುಲ್ಲು ಕೊಳೆತಾಗ ಅಸಿಟಿಕ್ ಆಮ್ಲ ಹುಟ್ಟಿ ಎಳೆಬೇರು ಸಾಯುತ್ತದೆ. ಕಾಂಪೋಸ್ಟ್ ಆದ ನಂತರ ಅದೇ ಸಿಪ್ಪೆ ಒಳ್ಳೆಯ ಗೊಬ್ಬರ.

ಪೇಟೆಯವರ ಕುಂಡದ ಗಿಡಕ್ಕೂ ಇದೇ ಮಾತು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ನೇರ ಮಣ್ಣಿಗೆ ಬೆರೆಸಿದಾಗ ಗಿಡಗಳ ಬೆಳವಣಿಗೆ ಬಹಳ ಕುಗ್ಗಿತು ಎಂದು 2016ರಲ್ಲಿ ಮೆಲ್ಬರ್ನ್‌ನ ಅಧ್ಯಯನ ತೋರಿಸಿದೆ. ಮೊದಲು ಕಾಂಪೋಸ್ಟ್ ಮಾಡಿ, ಆಮೇಲೆ ಹಾಕಿ.

ಒಂದೇ ನೋಟಕ್ಕೆ

- ನಿಂಬೆರಸ, ವಿನೆಗರ್‌ನಲ್ಲಿ ನೆನೆಸಿದರೆ ಬೀಜ ಬೇಗ ಮೊಳೆಯುತ್ತದೆ: ತಪ್ಪು. ಮೊಳಕೆ ಕುಗ್ಗುತ್ತದೆ ಅಥವಾ ಸಾಯುತ್ತದೆ.
- ಕಾಫಿ ಬೀಜಕ್ಕೆ ಜಿಬ್ಬರೆಲಿಕ್ ಆಮ್ಲ ಒಳ್ಳೆಯದು: ತಪ್ಪು. ಭ್ರೂಣಕ್ಕೆ ಹಾನಿ.
- ಏಲಕ್ಕಿ ಬೀಜಕ್ಕೆ ಆಮ್ಲದ ಉಪಚಾರ ಇದೆ: ನಿಜ. ಆದರೆ ಸಿಪ್ಪೆ ಸವೆಸಲು, ಕೆಲವೇ ನಿಮಿಷ, ತಿಳಿದವರ ಕೈಯಲ್ಲಿ.
- ಬೇರುಗಳು ಸಾವಯವ ಆಮ್ಲ ಬಿಟ್ಟು ರಂಜಕ ಬಿಡಿಸಿಕೊಳ್ಳುತ್ತವೆ: ನಿಜ.
- ಆದ್ದರಿಂದ ಮಣ್ಣಿಗೆ ಸಿಟ್ರಿಕ್ ಆಮ್ಲ ಸುರಿಯಬೇಕು: ತಪ್ಪು. ಹುಳಿ ಮಣ್ಣಿಗೆ ಬೇಕಾದದ್ದು ಸುಣ್ಣ.
- ಹ್ಯೂಮಿಕ್ ಆಮ್ಲ ಗೊಬ್ಬರಕ್ಕೆ ಬದಲಿ: ತಪ್ಪು. ಪೂರಕವಾಗಬಹುದು, ಫಲ ಎಲ್ಲ ಕಡೆ ಒಂದೇ ಅಲ್ಲ.
- 'ಸಾವಯವ' ಆಮ್ಲ ಎಂದರೆ ಸುರಕ್ಷಿತ: ತಪ್ಪು. ಪ್ರಮಾಣವೇ ನಿರ್ಧರಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

ಬೀಜ, ಗೊಬ್ಬರದ ಸಲಹೆ ಬಂದಾಗ ಇಷ್ಟು ಕೇಳಿಕೊಳ್ಳಿ. ಯಾವ ಬೆಳೆಯ ಬೀಜ ಎಂದು ಹೇಳಿದ್ದಾರೆಯೇ? ಎಷ್ಟು ಪ್ರಮಾಣ, ಎಷ್ಟು ಹೊತ್ತು ಎಂದು ಇದೆಯೇ? ಏನೂ ಹಾಕದ ಬೀಜದ ಜೊತೆ ಹೋಲಿಸಿ ನೋಡಿದ್ದಾರೆಯೇ? ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ?

ಮೊದಲ ಮೂರಕ್ಕೆ ಉತ್ತರವಿಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಆದರೂ ಪ್ರಯತ್ನಿಸಬೇಕೆನಿಸಿದರೆ 50 ಬೀಜದಲ್ಲಿ ಮಾಡಿ, ಇನ್ನೊಂದು 50ನ್ನು ಎಂದಿನಂತೆ ಬಿತ್ತಿ, ಪಕ್ಕದಲ್ಲಿ ಹಲಗೆ ನೆಟ್ಟು ತಾರೀಖು ಬರೆಯಿರಿ. ಇಡೀ ಮಡಿಯನ್ನು ಪಣಕ್ಕಿಡಬೇಡಿ. ಬೀಜದ ಸಂಶಯವಿದ್ದರೆ ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆ ಅಥವಾ ಹತ್ತಿರದ ಕಾಫಿ ಮಂಡಳಿ ಕಚೇರಿ, ಮಣ್ಣಿನ ಸಂಶಯವಿದ್ದರೆ ಮಂಡಳಿಯ ಪ್ರಯೋಗಾಲಯ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ.

ಈ ಡಿಸೆಂಬರ್‌ಗೆ ಮಡಿ ಮಾಡುವವರು ನಿಮ್ಮ ಗುಂಪಿನಲ್ಲಿದ್ದರೆ ಅವರಿಗೆ ಇಷ್ಟು ಹೇಳಿದರೂ ಸಾಕು: ಹೊಸ ಬೀಜ, ಜರಡಿ ಹಿಡಿದ ಬೂದಿ, ನೆರಳು ಮತ್ತು ಸುಮಾರು 45 ದಿನದ ತಾಳ್ಮೆ.